ಮುಂದಿನ ಕೋಣೆಯ ಆರಡಿ ಕಿಟಕಿ

ಮಿರಜ,
೧೪ ನವೆಂಬರ್ ೨೦೨೫, ಶುಕ್ರವಾರ

ಪೂಜ್ಯ ಮಾವನವರಿಗೆ ನಿಮ್ಮ ಸೊಸೆ ಸುಮನಳ ಶರಣು.

ಹೇಗಿದ್ದೀರಿ? ಮೊಣಕಾಲು ನೋವು ಇಳಿಯಿತೇ? ಜತ್ತದ ಚಳಿ ಬಲು ಕೆಟ್ಟದ್ದು, ಬೆಳಿಗ್ಗೆ ಮಫ್ಲರ್ ಇಲ್ಲದೆ ಹೊರಗೆ ಹೋಗಬೇಡಿ. ಇಂದ್ರಕ್ಕ ಮಗಳು, ನಿಮಗೆ ಹೆದರುತ್ತಾರೆ. ನಾನು ಸೊಸೆ, ಹೇಳಿಯೇಬಿಡುತ್ತೇನೆ: ಊಟದ ಹೊತ್ತಿಗೆ ಚಹಾ ಕುಡಿಯುವುದನ್ನು ಬಂದ್ ಮಾಡಿ. ಇಲ್ಲಿ ನಾವೆಲ್ಲ ಆರಾಮ. ಫೋನು ಮಾಡಿದರೆ ನೀವು ಎಲ್ಲದಕ್ಕೂ ‘ಹೂಂ, ಹೂಂ’ ಅಂದು ಇಟ್ಟುಬಿಡುತ್ತೀರಿ. ಆಮೇಲೆ ‘ಸುಮನ ಏನಂದಳೋ, ಒಂದೂ ತಿಳೀಲಿಲ್ಲ’ ಎಂದು ಇಂದ್ರಕ್ಕನನ್ನು ಕೇಳುತ್ತೀರಂತೆ. ಕಿವಿಯ ಮಷಿನ್ ನೋಡಿದರೆ ಇಲ್ಲೇ ಕಪಾಟಿನಲ್ಲಿದೆ. ಅದಕ್ಕೇ ಈ ಕಾಗದ.

ವಿಶ್ರಾಮಬಾಗದ ನಮ್ಮ ಹೊಸ ಮನೆಯ ಗೋಡೆಗಳು ಈಗ ತಲೆಗಿಂತ ಮೇಲೆ ಎದ್ದಿವೆ. ಸೋಮವಾರ ಕಿಟಕಿ ಬಾಗಿಲುಗಳ ಮೇಲೆ ಲಿಂಟಲ್ ತೊಲೆ ಹಾಕುತ್ತಾರೆ. ಒಮ್ಮೆ ಅದು ಕೂತರೆ ಕಿಟಕಿಗಳ ಅಳತೆ ಮುಗಿದಂತೆ. ನಿಮ್ಮ ಮಗ ಇಂದ್ರಕ್ಕನ ಫೋನಿಗೆ ಫೋಟೋ ಕಳಿಸಿದ್ದೇ ತಪ್ಪಾಯಿತು ನೋಡಿ, ಮರುದಿನವೇ ನಿಮ್ಮ ಹುಕುಂ ಬಂತು: ‘ಮುಂದಿನ ಖಿಡಕಿ ಅರ್ಧ ಮುಚ್ಚಿ ಸಣ್ಣದು ಮಾಡ್ರಿ. ನಮ್ಮನಿ ಏನು ಬಟ್ಟಿ ಅಂಗಡಿ ಶೋಕೇಸ ಅಲ್ಲ.’ ಆ ಕಿಟಕಿ ಹೇಗೆ ಅಷ್ಟು ಅಗಲವಾಯಿತು ಎಂಬುದನ್ನು ಕೇಳಿ, ಆಮೇಲೆ ಬೈಯುವಿರಂತೆ.

ಇಂಜಿನಿಯರ್ ನಿಲೇಶನ ನಕಾಶೆಯಲ್ಲಿ ಎಲ್ಲವೂ ನಾಲ್ಕಡಿಗೆ ನಾಲ್ಕಡಿ, ಒಂದೇ ಅಚ್ಚು. ಸಾಲಾಗಿ ಚೆಂದ ಕಾಣುತ್ತದೆಂದು ನಾನೂ ತಲೆಯಾಡಿಸಿದ್ದೆ. ಅತ್ತೆಯವರು ಮಾತ್ರ ನಕಾಶೆ ಮಡಚಿ ಅವನ ಕೈಗೇ ಕೊಟ್ಟು, ‘ಕಾಗದ ನೋಡಿ ಖಿಡಕಿ ಇಡಬ್ಯಾಡ್ರಿ. ಯಾರು ಎಲ್ಲಿ ಕುಂದರ್ತಾರ, ಎಲ್ಲಿ ನಿಂದರ್ತಾರ, ಅದನ್ನ ನೋಡ್ರಿ’ ಎಂದರು. ಅಡುಗೆಮನೆಯಲ್ಲಿ ಒಲೆ ಬರುವ ಜಾಗದಲ್ಲಿ ನನ್ನನ್ನೇ ನಿಲ್ಲಿಸಿದರು. ನಾನು ಕೇಳಿದ್ದ ಅಗಲ ಕಿಟಕಿ ಇಟ್ಟರೆ ಪಡುವಣ ಗಾಳಿ ನೇರ ಉರಿಗೇ ಹೊಡೆಯುತ್ತದೆಂದು ಅದನ್ನು ಪಕ್ಕಕ್ಕೆ ಸರಿಸಿ, ಎತ್ತರ ಮಾಡಿಸಿದರು. ಈ ಹಳೇ ಮನೆಯಲ್ಲಿ ವರ್ಷಾನುಗಟ್ಟಲೆ ಹೊಗೆ ಕುಡಿದವರು ಅವರು. ಯಾರೂ ಕೇಳಿರಲಿಲ್ಲ, ಅದಕ್ಕೇ ಹೇಳಿರಲಿಲ್ಲ, ಅಷ್ಟೇ.

ಆಮೇಲೆ ಮುಂದಿನ ಕೋಣೆ. ಗೋಡೆ ಆಗಿನ್ನೂ ಮೊಣಕಾಲೆತ್ತರ. ಅತ್ತೆ ಏನು ಮಾಡಿದರು ಗೊತ್ತೇ? ನಿಮ್ಮ ಹೊರಸನ್ನೂ ಲೋಡು ದಿಂಬನ್ನೂ ಟೆಂಪೋದಲ್ಲಿ ಹಾಕಿಸಿಕೊಂಡು ಬಂದರು! ನೀವು ಒರಗುವ ಹಾಗೇ ಲೋಡಿಗೆ ಒರಗಿ ಕೂತರು. ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಮೇಲೆ ಸೆರಗು ಬಿಗಿದುಕೊಂಡರು. ಗೋಡೆ ಕಟ್ಟುವ ಗವಂಡಿ ಬಾಬುವೂ ಅವನ ಆಳೂ ಒಂದೊಂದು ಬಿದಿರು ಹಿಡಿದು ಗೋಡೆಯ ಮೇಲೆ ನಿಂತರು, ಕಿಟಕಿಯ ಎರಡು ಅಂಚು ಅಂತ. ನನಗೆ ಗೇಟಿನಿಂದ ಒಳಗೆ ಬರುವ, ಹೋಗುವ ಕೆಲಸ. ‘ಇನ್ನಾ ಸರಸೋ ಬಾಬು, ಆಕಿ ಬಂದು ನಿಂತ್ರೂ ನನಗ ಮಾರಿ ಕಾಣವಲ್ದು’ ಎಂದು ಅತ್ತೆ ಕೂಗಿದ್ದು ಇಡೀ ಓಣಿಗೇ ಕೇಳಿಸಿತು. ನನಗೋ ನಗು ತಡೆಯಲಿಲ್ಲ. ಬಿದಿರುಗಳು ಆರಡಿ ದೂರ ಸರಿದ ಮೇಲೆ, ‘ಹಾಂ, ಈಗ ಯಾರು ಬಂದ್ರೂ ತಿಳೀತದ’ ಎಂದು ಹತ್ತಿ ತೆಗೆದರು. ಆಗ ನನ್ನ ನಗು ಎಲ್ಲಿ ಹೋಯಿತೋ, ಮಾವಾ, ಕಣ್ಣು ತುಂಬಿಬಿಟ್ಟವು.

ಶ್ರಾವಣದಲ್ಲಿ ನಾವ್ಯಾರೂ ಮನೆಯಲ್ಲಿಲ್ಲದಾಗ ನಿಮ್ಮ ದೋಸ್ತ ಸಂಮೇದ ಕಾಕಾ ಬಂದು, ಬಾಗಿಲಲ್ಲಿ ನಿಂತು ಕೂಗಿ ಕೂಗಿ ತಿರುಗಿ ಹೋದರು. ‘ಕಲ್ಲಯ್ಯಗ ಈಗ ದೋಸ್ತರು ಬ್ಯಾಡಾಗ್ಯಾರ’ ಎಂದು ಬೆಲ್ಲದ ಪೇಟೆಯಲ್ಲಿ ಹೇಳಿದರಂತೆ. ನೀವು ಒಳಗಿನ ಕೋಣೆಯಲ್ಲಿ ಕೂತು ‘ಸಂಮೇದ ನನ್ನ ಮರತಾನ’ ಎಂದು ಮುಖ ಸಣ್ಣ ಮಾಡಿಕೊಂಡಿರಿ. ಅಡತಿ ಅಂಗಡಿಯ ಗಾದಿಯ ಮೇಲೆ ಕೂತು ಹಾದಿಯಲ್ಲಿ ಹೋಗುವವರನ್ನೆಲ್ಲ ಕರೆದು ಚಹಾ ಕುಡಿಸಿದ ಮನುಷ್ಯ ನೀವು. ಈ ಎರಡು ವರ್ಷದಲ್ಲಿ ನಿಮ್ಮ ಹತ್ತಿರ ಯಾರು ಬರುತ್ತಾರೆ, ಹೇಳಿ? ಅತ್ತೆ ಇದೆಲ್ಲ ನೋಡಿದ್ದಾರೆ. ‘ಕಿವಿ ಸುದ್ದಿ ಬರೀಬ್ಯಾಡ, ಮನಸಿಗೆ ಹಚ್ಕೋತಾರ. ಮುದುಕಿಗೆ ಡೌಲು ಹೆಚ್ಚಾಗೇತಿ ಅಂತ ತಿಳ್ಕೊಳ್ಳಿ ಬಿಡು’ ಎಂದು ನನಗೆ ತಾಕೀತು ಮಾಡಿದ್ದಾರೆ. ನಾನು ಬರೆದೇಬಿಟ್ಟೆ. ಅಂಥ ಹೆಂಗಸಿಗೆ ನೀವು ‘ಶೋಕೇಸ’ ಅಂದದ್ದು ನನಗೆ ಸೇರಲಿಲ್ಲ.

ಹೂಂ ಅನ್ನಿ, ಮಾವಾ. ಸೋಮವಾರದೊಳಗೆ ಇಂದ್ರಕ್ಕನಿಂದ ಒಂದು ಫೋನು ಮಾಡಿಸಿದರೆ ಸಾಕು.

ಅಲ್ಲಿ ಹಿರಿಯರಿಗೆ ನನ್ನ ಶರಣು, ಮಕ್ಕಳಿಗೆ ಮುದ್ದು. ಪ್ರಣಿತಾ ಅಜ್ಜನಿಗೆ ಕನ್ನಡದಲ್ಲಿ ಬರೆಯುತ್ತೇನೆಂದು ಕೂತವಳು ಎರಡು ಅಕ್ಷರಕ್ಕೇ ಮರಾಠಿಗೆ ಹಾರಿದಳು. ಅವಳ ಚೀಟಿ ಒಳಗಿದೆ.

ನಿಮ್ಮ ಬಾಯಿಬಡುಕ ಸೊಸೆ,
ಸುಮನ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆ ಬಂದರು, ಸೀರೆಯ ತುಂಬ ಸಿಮೆಂಟು. ಬೆಳಿಗ್ಗೆಯೇ ಒಬ್ಬರೇ ರಿಕ್ಷಾ ಹಿಡಿದು ವಿಶ್ರಾಮಬಾಗಕ್ಕೆ ಹೋಗಿ, ಸೋಮವಾರದವರೆಗೆ ಕಾಯದೆ, ಮುಂದಿನ ಕಿಟಕಿಗೆ ಲಿಂಟಲ್ ಹಾಕಿಸಿಯೇ ಬಂದಿದ್ದಾರೆ. ಪೂರಾ ಆರಡಿ! ‘ಅಲ್ರೀ ಅತ್ತಿ, ಸಣ್ಣದು ಮಾಡ್ರಿ ಅಂತ ಮಾವಾರು ಹೇಳಿದ್ರಲ್ಲ, ಈಗ ಏನಂತ ಬರೀಲಿ?’ ಎಂದೆ. ಕೈ ತೊಳೆಯುತ್ತಲೇ ಅಂದರು: ‘ನನಗೂ ಕಿವಿ ಮಂದ ಆಗ್ಯಾವ ಅಂತ ಬರಿ.’