‘ಕಬ್ಬಿಣದ ಕಡಲೆ’ಯ ಕೊನೆ ಕಛೇರಿಗೆ ಒಂದೇ ಒಲೆಯ ನಾಲ್ವರು

ಗಾಳಿಕಂಬದ ಓಣಿ, ಗದಗ
ಫೆಬ್ರವರಿ ಮೂವತ್ತು, ೨೧೮೪

ವಯಸ್ಸಿನಲ್ಲಿ ನನಗಿಂತ ಚಿಕ್ಕವರಿರಬಹುದಾದ, ಹಿಂದಿನ ಶತಮಾನದ ನನ್ನ ಹಿರಿಯರಿಗೆ ಕಸ್ತೂರಿ ಹೂಗಾರಳ ಶರಣು.

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ನೀವು ಮಾಡಿದ್ದ ಅನ್ಯಾಯವನ್ನು ನಾವು ಸರಿಪಡಿಸಿ ಬಹಳ ವರ್ಷವಾಯಿತು. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬಂದಾವು. ಕ್ಷಮೆ ಇರಲಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನನಗೀಗ ಅರವತ್ತಮೂರು. ಅದರಲ್ಲಿ ನಲವತ್ತು ವರ್ಷ ‘ಕಬ್ಬಿಣದ ಕಡಲೆ’ ಎಂಬ ರಾಕ್ ತಂಡದ ಹುಚ್ಚು ಹಿಡಿಸಿಕೊಂಡು ಬದುಕಿದ್ದೇನೆ, ಅದಕ್ಕೆ ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ. ಹೋದ ವಾರ ಆ ತಂಡ ಕೊನೆಯ ಕಛೇರಿ ಮಾಡಿ ವಾದ್ಯ ಕೆಳಗಿಟ್ಟಿತು. ಅಲ್ಲಿಗೆ ಮನೆಮಂದಿಯನ್ನೆಲ್ಲ ಕರೆದೊಯ್ಯಲು ನಾನು ಪಟ್ಟ ಪಾಡನ್ನು ನಿಮಗೆ ಹೇಳಬೇಕಾಗಿದೆ.

ನಮ್ಮ ಮನೆಗಳಲ್ಲಿ ಹಾಡುಗೋಡೆ ಇರುತ್ತದೆ. ನಿಮ್ಮ ಹಾಗೆ ಕಿವಿಯಲ್ಲಿ ಏನನ್ನೋ ತುರುಕಿಕೊಳ್ಳುವುದಿಲ್ಲ. ಅಂಗೈಯಿಂದ ತಟ್ಟಿದರೆ ಗೋಡೆಯೇ ಹಾಡುತ್ತದೆ. ಆರು ವರ್ಷದ ಹಿಂದೆ, ಯುಗಾದಿಯ ದಿನ, ತಂಡದ ಹೊಸ ಹಾಡು ಬಂತು. ನಾನು ಬಿಸಿಲೊಲೆಯ ಮೇಲೆ ಹೂರಣ ಇಟ್ಟು ಗೋಡೆಗೆ ಕಿವಿಗೊಟ್ಟು ನಿಂತೆ. ಬಿಸಿಲೊಲೆ ಎಂದರೆ ಹಗಲಿನ ಬಿಸಿಯನ್ನು ಕಲ್ಲಿನಲ್ಲಿ ಹಿಡಿದಿಟ್ಟು ಅಡುಗೆ ಬೇಯಿಸುವ ಒಲೆ. ಅದಕ್ಕೆ ಆರಿಸುವ ಗುಂಡಿ ಇಲ್ಲ, ನಾವೇ ಎಚ್ಚರವಿರಬೇಕು. ಹೂರಣ ಸೀದು ಕರಕಲಾಯಿತು. ನಮ್ಮತ್ತೆ ಬಸಲಿಂಗವ್ವ ಪಾತ್ರೆಯನ್ನು ನೋಡಿದರು, ನನ್ನನ್ನು ನೋಡಿದರು. “ಈ ತಗಡ ಬಡಿಯೋ ಮಂದಿ ಇರೋತನಕ ನಿನ್ನ ಒಲಿಮ್ಯಾಲಿಂದು ಒಂದ ತುತ್ತೂ ನನಗ ಬ್ಯಾಡವಾ” ಎಂದವರೇ ಗೋಡೆಯಾಚೆಯ ಕೋಣೆಯಲ್ಲಿ ಬೇರೆ ಒಲೆ ಹೂಡಿದರು. ತಪ್ಪಾಯಿತು ಎಂದಿದ್ದರೆ ಅಂದೇ ಮುಗಿಯುತ್ತಿತ್ತು. ನಾನು ಅನ್ನಲಿಲ್ಲ. ನನ್ನ ಗಂಡ ಮುರಿಗೆಪ್ಪ ಅತ್ತ ದರಿ ಇತ್ತ ಪುಲಿ ಎಂದುಕೊಂಡು ಎರಡೂ ಕಡೆ ಉಂಡು ದಪ್ಪಗಾದರು.

ನಮ್ಮ ಕಾಲದಲ್ಲಿ ಯಾರನ್ನೇ ಬೀಳ್ಕೊಡಲು ಒಬ್ಬರೇ ಹೋಗುವ ರೂಢಿಯಿಲ್ಲ. ಮಗಳು ಗಂಡನ ಮನೆಗೆ ಹೊರಟರೂ ಅಷ್ಟೇ, ತಂಡವೊಂದು ಹಾಡು ನಿಲ್ಲಿಸಿದರೂ ಅಷ್ಟೇ. ಆದ್ದರಿಂದ ಕೊನೆ ಕಛೇರಿಗೆ ಸಿಗುವುದು ಒಲೆಚೀಟಿ ಮಾತ್ರ: ಒಂದೇ ಒಲೆಯ ಅಡುಗೆಯನ್ನು ಒಂಬತ್ತು ದಿನ ಕೂಡಿ ಉಂಡ ಕನಿಷ್ಠ ನಾಲ್ವರಿಗೆ ಒಂದು ಚೀಟಿ, ಕೂರಲು ಒಂದು ಚಾಪೆ. ಓಣಿಯ ಹಿರಿಯರು ಊಟದ ಹೊತ್ತಿಗೆ ಬಂದು ನೋಡಿ ಹೋಗುತ್ತಾರೆ, ಸುಳ್ಳು ನಡೆಯುವುದಿಲ್ಲ. ನನ್ನ ಒಲೆಯಲ್ಲಿ ನಾನು, ಗಂಡ, ಮಗಳು ಉಜ್ವಲಾ, ಮೂವರೇ. ನಾಲ್ಕನೆಯವರು ಗೋಡೆಯಾಚೆ ಇದ್ದರು.

ಎರಡು ದಿನ ನಾನು ಅನ್ನ ಬಿಟ್ಟು ಯೋಚಿಸಿದೆ. ಉಜ್ವಲಾ ನಗುತ್ತಲೇ ಚುಚ್ಚಿದಳು: “ಅವ್ವಾ, ನಲವತ್ತ ವರ್ಷದ ಹಾಡ ದೊಡ್ಡದೋ, ನಿನ್ನ ಮೂಗ ದೊಡ್ಡದೋ, ನೋಡಕೋ.” ಮೂರನೆಯ ದಿನ ಅತ್ತೆಯ ಹೊಸ್ತಿಲಲ್ಲಿ ನಿಂತು, ಆರು ವರ್ಷ ತಡವಾಗಿ, ಹೂರಣ ಸೀಯಿಸಿದ್ದು ನನ್ನದೇ ತಪ್ಪು ಎಂದೆ. ಒಂಬತ್ತು ದಿನ ನಮ್ಮೊಡನೆ ಉಣ್ಣಿರೆಂದು ಬೇಡಿಕೊಂಡೆ. ಅವರು ರೊಟ್ಟಿ ಬಡಿಯುತ್ತಲೇ ಇದ್ದರು, ತಲೆ ಎತ್ತಲಿಲ್ಲ. “ಒಂಬತ್ತ ದಿನ ಅಷ್ಟ. ರೊಟ್ಟಿ ಮಾತ್ರ ನಾನ ಬಡೀತೇನಿ” ಎಂದರು.

ಕಛೇರಿ ನಡೆದದ್ದು ಕಪ್ಪತಗುಡ್ಡದ ಬುಡದಲ್ಲಿ, ನಸುಕಿಗೆ. ಒಂಬತ್ತು ಗಂಟೆಯ ಮೇಲೆ ನಮ್ಮ ಬಿಸಿಲಿನಲ್ಲಿ ಯಾರೂ ಬಯಲಿಗೆ ಬರುವಂತಿಲ್ಲ. ನೆಳಲಬಂಡಿಗಳಲ್ಲಿ, ಅಂದರೆ ತಾನೇ ನೆರಳು ಹೊತ್ತು ಓಡುವ ಬಸ್ಸುಗಳಲ್ಲಿ, ಸಾವಿರಾರು ಮನೆಯವರು ಬುತ್ತಿ ಕಟ್ಟಿಕೊಂಡು ಬಂದಿದ್ದರು. ನಮ್ಮತ್ತೆ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು, ಸೆರಗು ಹೊದ್ದು, ಚಾಪೆಯ ನಡುವೆ ಗುಡ್ಡದಂತೆ ಕೂತರು. ತಂಡದವರಿಗೆಲ್ಲ ತಲೆ ಬೆಳ್ಳಗಾಗಿತ್ತು, ಕೈ ಮಾತ್ರ ಹಾಗೇ ಇತ್ತು. ಎರಡು ತಾಸು ನಾನು ಕುಣಿದೇ ಕುಣಿದೆ, ಅತ್ತೆಯ ಮಾತು ಬಿಡಿ!

ಕೊನೆಗೆ ತಂಡದ ‘ಹೊಸ್ತಿಲ ಹಾಡು’ ಬಂತು. ಬೀಳ್ಕೊಡುಗೆಯ ಪದ್ಧತಿಯಂತೆ ಹಾಡುವವರು ಬಾಯಿ ಮುಚ್ಚುತ್ತಾರೆ. ಒಂದೊಂದು ಚಾಪೆಯವರು ಒಂದೊಂದು ಸಾಲು ಹಾಡಿ ಪಕ್ಕದ ಚಾಪೆಗೆ ದಾಟಿಸಬೇಕು. ಯಾವ ಚಾಪೆಯಲ್ಲಿ ಸಾಲು ಬಿದ್ದುಹೋಯಿತೋ ಹಾಡು ಅಲ್ಲಿಗೇ ಮುಗಿಯಿತು, ತಂಡವೂ ಮುಗಿಯಿತು. ಮತ್ತೆ ಎತ್ತಿಕೊಳ್ಳುವಂತಿಲ್ಲ. ಹಾಡು ನಮ್ಮ ಕಡೆಗೇ ಬರುತ್ತಿತ್ತು. ಮನೆಯಲ್ಲಿ ಅದನ್ನು ಸಾವಿರ ಸಲ ಹಾಡಿದವಳು ನಾನು, ಗಂಡನಿಗೂ ಮಗಳಿಗೂ ‘ನೀವು ಸುಮ್ಮನಿರಿ, ನಾನಿದ್ದೇನೆ’ ಎಂದು ತಾಕೀತು ಮಾಡಿದ್ದೆ. ಸರದಿ ಬಂದಾಗ ಬಾಯಿ ತೆರೆದೆ. ಅಳು ಬಂತು, ಸ್ವರ ಬರಲಿಲ್ಲ. ಗಂಡ ಮಗಳು ನನ್ನ ಬಾಯನ್ನೇ ನೋಡುತ್ತಿದ್ದರು. ನನ್ನಿಂದಲೇ ಮುಗಿಯಿತಲ್ಲ ಎಂದುಕೊಂಡೆ.

ಆಗ ಪಕ್ಕದಲ್ಲಿ ತೊಡೆ ಬಡಿದ ಸದ್ದು. ಅದು ರೊಟ್ಟಿ ಬಡಿಯುವ ತಾಳ, ನನಗೆ ಚೆನ್ನಾಗಿ ಗೊತ್ತು. ಎಂಬತ್ತೇಳು ವರ್ಷದ ಬಸಲಿಂಗವ್ವ ಒಡೆದ ದನಿಯಲ್ಲಿ, ಒಂದು ಅಕ್ಷರ ತಪ್ಪದೆ ಹಾಡಿದರು:

“ಹೋಗತೇನಿ ಅಂದಾಂವ ಇನ್ನೂ ಹೊಸ್ತಿಲದಾಗ ನಿಂತಾನ.”

ಡ್ರಮ್ಮಿನವನು ಒಂದು ಗಳಿಗೆ ತಲೆ ಓರೆ ಮಾಡಿ ಕೇಳಿ, ಅದೇ ರೊಟ್ಟಿಯ ತಾಳ ಹಿಡಿದ. ಹಾಡು ಮುಂದಿನ ಚಾಪೆಗೆ ದಾಟಿತು, ಅಲ್ಲಿಂದ ಬಯಲಿನ ಕೊನೆಯವರೆಗೂ ಅದೇ ತಾಳದಲ್ಲಿ ಹೋಯಿತು. ನಾನು ಅತ್ತೆಯ ಕೈ ಹಿಡಿದುಕೊಂಡೆ. ಹಾಡು ಹೇಗೆ ಬಂತೆಂದು ಕೇಳಿದ್ದಕ್ಕೆ, “ಗ್ವಾಡಿ ಒಂದ ಅಲ್ಲೇನು? ದಿನಾ ಮುಂಜಾನಿ ನಿನ್ನ ಹಾಡಿನ ತಾಳಕ್ಕ ರೊಟ್ಟಿ ಬಡಿದೇನಿ” ಎಂದರು.

ಮರುದಿನ ಅವರು ತಮ್ಮ ಒಲೆಗೇ ಮರಳಿದರು. ಅವರ ಹಟ ಅವರದು, ನಾನು ತಡೆಯಲಿಲ್ಲ. ಅದರ ಮಾರನೆಯ ಬೆಳಿಗ್ಗೆ ತಂಡದ ನೆನಪಿಗೆ ಸಂಕಟವಾಗಿ, ಗೋಡೆ ತಟ್ಟದೆ ಸುಮ್ಮನೆ ಕೂತಿದ್ದೆ. ಆಚೆಯಿಂದ ಲಟ್ಟಣಿಗೆಯಲ್ಲಿ ಗೋಡೆ ಕುಟ್ಟಿದರು. “ಏ ಕಸ್ತೂರಿ, ಇವತ್ತ ಹಾಡ ಯಾಕ ಹಚ್ಚವಲ್ಲಿ? ನನಗ ರೊಟ್ಟಿ ಸರಿ ಬರವಲ್ದು!”

ನನ್ನ ಹಿರಿಯರೇ, ನೀವೂ ಯಾವುದೋ ಹಾಡಿನ ಹುಚ್ಚಿನಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದೀರೆಂದು ನನಗೆ ಗೊತ್ತು. ಕೇಳಿ, ಚೆನ್ನಾಗಿ ಕೇಳಿ. ಬಾಗಿಲು ಮಾತ್ರ ಸ್ವಲ್ಪ ತೆರೆದಿಡಿ. ಆಚೆ ನಿಂತು ಬೈಯುತ್ತಿರುವವರು ಸಾಲು ಕಲಿಯುತ್ತಿದ್ದಾರೆ.