ನಾಲ್ಕನೆಯ ಹಾಸಿಗೆ

೨೩ ನವೆಂಬರ್ ೨೦೨೫, ರವಿವಾರ. ವಿದ್ಯಾಗಿರಿ

ಮಾವನ ಮುಖವೇ ಕಣ್ಣ ಮುಂದೆ ಬರುತ್ತಿದೆ.

ಇಲ್ಲಿನ ಚಳಿಗೆ ಅತ್ತೆಯ ಮೊಣಕಾಲು ಹಿಡಿದುಕೊಳ್ಳುತ್ತದೆ. ಅದಕ್ಕೇ ಡಿಸೆಂಬರಿನಲ್ಲಿ ಕಾರವಾರದಿಂದ ಮುರ್ಡೇಶ್ವರದವರೆಗೆ ಕಡಲ ದಂಡೆಗುಂಟ ನಾವಿಬ್ಬರೂ ಅತ್ತೆಯೂ ಹೋಗಲು ನಮ್ಮ ಯಜಮಾನರು ಬಾಡಿಗೆ ಕ್ಯಾರವಾನ್ ಗೊತ್ತು ಮಾಡಿದ್ದಾರೆ. ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ.

ಮಾವ ಪ್ರಾಯದುದ್ದಕ್ಕೂ ಕುರಿ ಕಾಯ್ದವರು. ಊಟಕ್ಕೆ ಕುಳಿತಾಗ ತಗಾದೆ ತೆಗೆದರು. "ರಾತ್ರಿ ಯಾರ ಹೊಲದಾಗ ಇಳೀತೀರಿ? ಕುರಿ ನಿಲ್ಲಿಸಿದ್ರ ಗೊಬ್ಬರಾ ಆಗ್ತೈತಿ ಅಂತ ನಮಗ ಕರದು ಜಾಗಾ ಕೊಡ್ತಿದ್ರು. ಈ ಗಾಡಿಗೆ ಯಾರು ಕೊಡ್ತಾರ? ನಿಮ್ಮತ್ತಿ ಮನ್ಯಾಗ ಇರ್ಲಿ."

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ಚಳಿಗಾಲಾ ಬಂತಂದ್ರ ನೀವು ಕುರಿ ಹೊಡಕೊಂಡು ಹೋಗಾವ್ರು, ನಾ ಮನಿ ಕಾಯಾಕಿ. ಈ ಸಲ ನಾ ಹೋಗ್ತೇನಿ. ನೀವು ಮನಿ ಕಾಯ್ರಿ."

ಮಾವ ಕೈಯಲ್ಲಿದ್ದ ತುತ್ತು ಮರೆತರು. ಸಂಜೆ ತಮ್ಮ ಕಂಬಳಿ ಕೊಡವಿ ಅತ್ತೆಯ ಚೀಲದ ಮೇಲಿಟ್ಟು, "ದಂಡಿಗೆ ಗಾಳಿ ಇರ್ತೈತಿ" ಎಂದರು. ತಾವೂ ಬರುವುದಾಗಿ ಹೇಳಲಿಲ್ಲ. ಪಾಪ.

ಗಾಡಿಯಲ್ಲಿ ನಾಲ್ಕನೆಯ ಹಾಸಿಗೆ ಖಾಲಿಯೇ ಇದೆ. ನೀವೂ ಬರ್ರಿ ಎನ್ನಲು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಆ ಮಾತು ಅತ್ತೆಯ ಬಾಯಿಂದಲೇ ಬರಬೇಕು.

ಬರಲಿ. ಆದರೆ ಇನ್ನೂ ನಾಲ್ಕು ದಿನ ಬಿಟ್ಟು ಬರಲಿ. ಹಿಂದೆ ಉಳಿಯುವುದೆಂದರೆ ಏನೆಂದು ಮಾವನಿಗೂ ಸ್ವಲ್ಪ ತಿಳಿಯಲಿ.