ಸುಟ್ಟುಹೋಗದ ಹತ್ತನೇ ರೀಲು

ಮಾವಾ,

ಕುಶಲ ಆಮೇಲೆ, ಮೊದಲು ಜಗಳ. ಇಲ್ಲೊಂದು ಟಾಕೀಸಿನಲ್ಲಿ ಹಳೆಯ ಚಿತ್ರಗಳನ್ನು ತೊಳೆದು, ಗೀರು ಅಳಿಸಿ, ಹೊಚ್ಚ ಹೊಸದರಂತೆ ಮಾಡಿ ವಾರವಿಡೀ ತೋರಿಸುತ್ತಿದ್ದಾರೆ. ಇವತ್ತು ಬೆಳಗಿನ ಆಟಕ್ಕೆ ನಮ್ಮ ತಾಯಿ-ಮಗಳ ಚಿತ್ರವಿತ್ತು. ನೀನು ಆಪರೇಟರ್ ಆಗಿದ್ದಾಗ ನಿನ್ನ ಪ್ರೊಜೆಕ್ಟರ್ ಪಕ್ಕದ ಸ್ಟೂಲಿನಲ್ಲಿ ಕೂತು ಹತ್ತು ಸಲ ನೋಡಿದ್ದೆನಲ್ಲ, ಅದೇ. ನೋಡನೋಡುತ್ತ ತಾಯಿ ಸತ್ತೇಹೋದಳು! "ಸುಳ್ಳು, ಇವಳು ಸಾಯಲ್ಲ," ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ಪಕ್ಕದ ಸೀಟಿನ ಅಜ್ಜಿ ನನ್ನ ಕೈಗೆ ಕರವಸ್ತ್ರ ತುರುಕಿ, "ಮೊದಲಿಂದ್ಲೂ ಸಾಯ್ತಾಳಮ್ಮ," ಎಂದರು.

ಅವಳು ಸಾಯುವ ಹತ್ತನೇ ರೀಲು ಸುಟ್ಟುಹೋಗಿದೆ ಎಂದು ಮ್ಯಾನೇಜರಿಗೆ ಹೇಳಿದ್ದೆಯಲ್ಲ, ಕಳ್ಳ! ಕಥೆ ಹಾರಿತೆಂದು ಜನ ಶಿಳ್ಳೆ ಹೊಡೆದು ಬೈದರೂ ನೀನು ನೇರ ಹನ್ನೊಂದನೇ ರೀಲು ಓಡಿಸುತ್ತಿದ್ದೆ. ಕೊನೆಯಲ್ಲಿ ಮಗಳು ಒಬ್ಬಳೇ ಬಾಗಿಲಲ್ಲಿ ನಿಂತಾಗ, "ಅವಳಮ್ಮ ಎಲ್ಲಿ ಮಾವ?" ಎಂದು ಕೇಳಿದರೆ, "ಒಳಗೆ ಅಡುಗೆ ಮಾಡ್ತಿದಾಳೆ, ಸುಮ್ನೆ ನೋಡು," ಎನ್ನುತ್ತಿದ್ದೆ. ನಮ್ಮಮ್ಮ ತೀರಿಕೊಂಡ ವರ್ಷ ಅದು. ರೀಲನ್ನು ನನಗೋಸ್ಕರ ಬಚ್ಚಿಟ್ಟೆ ಎಂದುಕೊಂಡೆ. ಆಮೇಲೆ ಹೊಳೆಯಿತು, ನಿನಗೂ ಅವಳೊಬ್ಬಳೇ ತಂಗಿ.

ನನ್ನ ಕೆಮ್ಮು ವಾಸಿಯಾಗಿದೆ. ನೀನು ಕಣ್ಣಿಗೆ ಔಷಧಿ ಎರಡು ಹೊತ್ತೂ ಹಾಕಿಕೋ, ಉದಾಸೀನ ಮಾಡಬೇಡ. ಮುಂದಿನ ಆಟಕ್ಕೆ ಬೆಲ್ ಆಯಿತು, ಓಡಬೇಕು. ನಾಳೆ ಅದೇ ಚಿತ್ರ ಇನ್ನೊಮ್ಮೆ ಇದೆ. ಹೋಗುತ್ತೇನೆ, ಆದರೆ ಹತ್ತನೇ ರೀಲಿನ ಹೊತ್ತಿಗೆ ಎದ್ದು ಹೊರಗೆ ನಿಂತಿದ್ದು ಆಮೇಲೆ ಒಳಗೆ ಬರುತ್ತೇನೆ. ಅವಳು ಅಡುಗೆ ಮಾಡುತ್ತಿರಲಿ.

ನಿನ್ನ ಇಲಿಮರಿ